ಪಾದಪೂರಣ

ಔಷಧಿ ಚೀಟಿಯ ಬೆನ್ನಿಗೆ ಪಟ್ಟಿ ಬರೆದಿಟ್ಟುಕೊಂಡಿದ್ದೆ:
ಬೆಳಿಗ್ಗೆ ಬಂಡೆ ಹತ್ತಿ ಡೇಗೆ ನೋಡುವುದು,
ಹಗ್ಗದ ದೋಣಿಯಲ್ಲಿ ಹೊಳೆ ದಾಟುವುದು,
ಮನ್ಮತ್ ಪೇಟೆಯಲ್ಲಿ ಊಟ,
ಟಿಂಟರ್ನಿನ ಸೂರಿಲ್ಲದ ಮಠ,
ಹೊತ್ತು ಉಳಿದರೆ ಜೇನು, ಉಣ್ಣೆ ಟೋಪಿ.
ಹನ್ನೊಂದು ವರ್ಷ ಮಾತು ಬಿಟ್ಟವಳ ಜೊತೆ
ಹಗಲೊಂದನ್ನು ಕಳೆಯುವುದು ಹೇಗೆಂದು
ಯಾವ ಪ್ರವಾಸಿ ಕರಪತ್ರದಲ್ಲೂ ಇರಲಿಲ್ಲ.

ಜಲಜಾಕ್ಷಿ ಇಳಿದಳು. ತಲೆಗೆ ಮಫ್ಲರು,
ಸೀರೆಯಡಿ ಸೊಸೆಯ ಓಟದ ಬೂಟು,
ಕೈಯಲ್ಲಿ ಹುರಿಗಾಳಿನ ಡಬ್ಬಿ.
"ಹೊಳೆ ಹೆಸರೇನೆ?"
"ವೈ."
ನಕ್ಕಳು. ಅಷ್ಟು ಹೊತ್ತಿಗೆ ಅದೇ ಮೊದಲು.
"ವೈ ಅಂದರೆ ಏನೂ ಅಲ್ಲ ಕಣೆ.
ಶ್ಲೋಕಕ್ಕೆ ಅಕ್ಷರ ಸಾಲದೆ ಬಂದಾಗ
ಚ, ವೈ, ತು, ಹಿ ಅಂತ ತುರುಕುತ್ತಾರೆ.
ಪಾದಪೂರಣ. ಅರ್ಥ ಕೇಳಬಾರದು."
ಮೂವತ್ತು ವರ್ಷ ಚಿಂತಾಮಣಿಯ ಹುಡುಗಿಯರಿಗೆ
ಸಂಸ್ಕೃತ ಹೇಳಿದವಳು.
ಇಲ್ಲಿಯವರ ಬಾಯಲ್ಲಿ ಅದೇ ಸದ್ದು
'ಯಾಕೆ' ಅಂತ ಕೇಳುತ್ತದೆ, ಅಂದೆ.
ಅಂದಮೇಲೆ ಇಬ್ಬರೂ
ಬಸ್ಸಿನ ಕಿಟಕಿಯಲ್ಲಿ ಕುರಿಗಳನ್ನು ಎಣಿಸಿದೆವು.

ಬಂಡೆಯ ಮೇಲೆ ದುರ್ಬೀನಿನ ಕಾವಲಿಗಿದ್ದ ಮುದುಕಿ, ಮೆರೆಡಿತ್,
"ಈಗಷ್ಟೇ ಇತ್ತು" ಅಂದಳು.
ಕಂಡದ್ದು ಪಾರಿವಾಳದ ಎರಡು ಗರಿ,
ಮತ್ತೆ, ಕೆಳಗೆ, ಮೈಲಿಗಟ್ಟಲೆ ಸುತ್ತಿ
ಬಿಟ್ಟುಬಂದ ತನ್ನನ್ನೇ
ಕೂಗಳತೆಯಲ್ಲಿ ಹಾದುಹೋಗುವ ನೀರು.
ಕೂಗಲಿಲ್ಲ, ಅದೂ.

ದೋಣಿಗೆ ಹುಟ್ಟಿಲ್ಲ, ಎಂಜಿನ್ನಿಲ್ಲ.
ತಲೆಯ ಮೇಲೊಂದು ಹಗ್ಗ, ದಡದಿಂದ ದಡಕ್ಕೆ.
ಅಂಬಿಗನ ತೋಳು ಬಾವಿಯ ಹಗ್ಗ ಸೇದುವ ಹಾಗೆ
ಕೈಮೇಲೆ ಕೈ, ಕೈಮೇಲೆ ಕೈ,
ಆಚೆ ದಡವನ್ನು ನಮ್ಮತ್ತ ಸೇದಿತು.
ತಲೆಗೆ ಎರಡು ಪೌಂಡು. ನಾನು ಪರ್ಸು ತೆಗೆಯುವಷ್ಟರಲ್ಲಿ
ಜಲಜಾಕ್ಷಿ ನಾಲ್ಕು ನಾಣ್ಯ ಅವನ ಟೋಪಿಗೆ ಹಾಕಿ
ನನ್ನ ಮುಖ ನೋಡದೆ ಅಂದಳು:
"ನಲವತ್ತು ಸಾವಿರದಲ್ಲಿ ಎರಡು ಪೌಂಡು ಮುರ್ಕೋ."

ತಮ್ಮನ ಅಂಗಡಿಗೆಂದು ಒಯ್ದದ್ದು. ಕೊಡಲಿಲ್ಲ, ನಿಜ.
ನಾನು ಕೇಳಿದ್ದು ಮದುವೆಮನೆಯ ಪಂಕ್ತಿಯಲ್ಲಿ,
ಎಲೆಗೆ ಅನ್ನ ಬೀಳುವಾಗ,
ಅಕ್ಕಪಕ್ಕದ ಎಲೆಗಳಿಗೆಲ್ಲ ಕೇಳಿಸುವಂತೆ.
ಅವಳು ಉಣ್ಣದೆ ಎದ್ದಿದ್ದಳು. ನಾನು ಪಾಯಸದವರೆಗೂ ಕೂತಿದ್ದೆ.

ಮನ್ಮತ್ ಬಂತು. "ಮನ್ಮಥನ ಊರೇ?" ಅಂದಳು.
"ಶಿವನ ಕೈಲಿ ಸುಟ್ಟುಹೋದ ಮೇಲೆ ಇಲ್ಲಿ ಬಂದು
ಬೇಕರಿ ಇಟ್ಟಿದ್ದಾನೆ ನೋಡು."
ಬನ್ನು ತಿಂದೆವು. ತುಸು ಸೀದಿತ್ತು.

ಮಠದ ಬಾಗಿಲು ಹಾಕಿಯಾಗಿತ್ತು.
ಕಂಬಿಯಾಚೆ ಸೂರಿಲ್ಲದ ಕಮಾನುಗಳಲ್ಲಿ
ಕಾಗೆಗಳು ಮಾತ್ರ ಟಿಕೆಟಿಲ್ಲದೆ ಒಳಗೆ.
ದಂಡೆಯ ಮೋಟುಗೋಡೆಯ ಮೇಲೆ ಕೂತೆವು.
ಈಚೆ ವೇಲ್ಸು, ಆಚೆ ಇಂಗ್ಲೆಂಡು,
ನಡುವೆ ರಾಗಿ ಅಂಬಲಿಯ ಬಣ್ಣದ ಕೆಸರು.
ಆಗಲೇ ತೇಲಿಹೋಗಿದ್ದ ಕೊಂಬೆಯೊಂದು
ಮೆಲ್ಲಗೆ ವಾಪಸು ಬಂತು.
"ಅಯ್ಯೋ, ಹೊಳೆ ಹಿಂದಕ್ಕೆ ಹರೀತಿದೆ!"
ಕಡಲು ಉಬ್ಬಿದಾಗ ಇಲ್ಲಿತನಕ ತಳ್ಳುತ್ತದೆ, ಅಂದೆ.
ದಿನಕ್ಕೆ ಎರಡು ಸಲ. ಯಾರೂ ಏನೂ ಅನ್ನುವುದಿಲ್ಲ.

ಅವಳು ಬಹಳ ಹೊತ್ತು ನೋಡಿದಳು.
ಆಮೇಲೆ ಡಬ್ಬಿ ನನ್ನ ಕಡೆ ಸರಿಸಿದಳು:
"ಕಡಲೆ ನಿನಗೆ. ಬಟಾಣಿ ಆರಿಸ್ಕೋಬೇಡ, ಅದು ನಂದು."
ಹಾಸ್ಟೆಲ್ಲಿನಲ್ಲೂ ಹಾಗೇ ಇತ್ತು.

ಕೊನೆಯ ಬಸ್ಸು ದೀಪ ಹಾಕಿಕೊಂಡು
ತಿರುವಿನಲ್ಲಿ ಬಂದು, ನಿಂತು, ಹೋಯಿತು.
ಇಬ್ಬರೂ ನೋಡಿದೆವು.
ಪಟ್ಟಿಯಲ್ಲಿ ಟೋಪಿಯೊಂದು ಉಳಿದಿತ್ತು.